ಬಿಡಿಸಿದರೂ ಮತ್ತೆ ತಿರುಚಿದ ಕರುಳು

ಮುತ್ತಿನಕೊಪ್ಪದ ಆ ಅಜ್ಜಿಯನ್ನು ಮಗ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕೊಪ್ಪದ ನಮ್ಮ ಆಸ್ಪತ್ರೆಗೆ ಕರೆತಂದಾಗ ನಾನಿನ್ನೂ ಬೆಳಗಿನ ರೌಂಡ್ಸ್ ಮುಗಿಸಿರಲಿಲ್ಲ. ಎಂಬತ್ತನಾಲ್ಕು ವರ್ಷ. ಕೈಕಾಲು ಕಡ್ಡಿಯಂತಿದ್ದವು, ಹೊಟ್ಟೆ ಮಾತ್ರ ತುಂಬು ಬಸುರಿಯಂತೆ ಉಬ್ಬಿತ್ತು. ಮೂರು ದಿನದಿಂದ ಮಲ ಹೋಗಿಲ್ಲ, ಗಾಳಿಯೂ ಹೋಗಿಲ್ಲ ಎಂದು ಮಗ ಹೇಳಿದ. ಗ್ಯಾಸ್ ಎಂದುಕೊಂಡು ಮನೆಯಲ್ಲಿ ಓಮದ ನೀರು ಕುಡಿಸಿದ್ದರು.

ಎಕ್ಸ್‌ರೇಯಲ್ಲಿ ದೊಡ್ಡ ಕರುಳಿನ ಕೊನೆಯ ಸುರುಳಿ ದೈತ್ಯ ಕಾಫಿ ಬೀಜದಂತೆ ಊದಿಕೊಂಡು ಕಾಣುತ್ತಿತ್ತು. ಕೆಲವು ಮುದುಕರಲ್ಲಿ ಆ ಭಾಗ ಉದ್ದವಾಗಿ, ಸಡಿಲಾಗಿ, ತನ್ನ ಬುಡದ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ಬೇಗ ಬಿಡಿಸದಿದ್ದರೆ ರಕ್ತ ಓಡದೆ ಕೊಳೆಯುತ್ತದೆ. ಅಜ್ಜಿಯನ್ನು ಎಡಮಗ್ಗುಲಿಗೆ ಮಲಗಿಸಿ ಗುದದ ಮೂಲಕ ಸ್ಕೋಪ್ ಹಾಕಿ ನೋಡಿದೆ. ಕರುಳಿನ ಒಳಮೈ ಇನ್ನೂ ಕೆಂಪಗೆ ಜೀವಂತವಾಗಿತ್ತು. ತಿರುಚಿದ ಜಾಗವನ್ನು ಮೆತ್ತನೆಯ ನಳಿಕೆ ದಾಟಿದ್ದೇ ತಡ, ಗಾಳಿ, ನೀರು ಒಟ್ಟಿಗೇ ನುಗ್ಗಿ ನನ್ನ ಏಪ್ರನ್ ತೊಯ್ದುಹೋಯಿತು. ಹೊಟ್ಟೆ ಕಣ್ಣೆದುರೇ ಇಳಿಯಿತು. ಅಜ್ಜಿ ನಿರಾಳವಾಗಿ ಉಸಿರುಬಿಟ್ಟು ಕಾಫಿ ಕೇಳಿದರು.

ಮಗ ಅಂದೇ ಅವರನ್ನು ಮನೆಗೆ ಕರೆದೊಯ್ಯಲು ಹೊರಟಿದ್ದ. ನಾನು ಬಿಡಲಿಲ್ಲ. ಹಿಂದೊಮ್ಮೆ ಕಿಗ್ಗದ ಕಡೆಯ ಒಬ್ಬ ಅಜ್ಜನಿಗೆ ಹೀಗೇ ಕರುಳು ಬಿಡಿಸಿ, ಹೃದಯ ಸೋತಿದೆ, ಈ ವಯಸ್ಸಿಗೆ ಆಪರೇಷನ್ ಬೇಡ ಎಂದು ನಾನೇ ತೀರ್ಮಾನಿಸಿ ಕಳಿಸಿದ್ದೆ. ಮೂರು ವಾರದಲ್ಲಿ ಕರುಳು ಕಪ್ಪಾಗಿ ವಾಪಸು ಬಂದರು, ಉಳಿಯಲಿಲ್ಲ. ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ನಳಿಕೆ ತೆಗೆದ ಎರಡನೇ ದಿನ ಅಜ್ಜಿಯ ಹೊಟ್ಟೆ ಮತ್ತೆ ಉಬ್ಬಿತು. ಮತ್ತೆ ಬಿಡಿಸಿ, ಈ ಸಲ ನಳಿಕೆಯನ್ನು ತೆಗೆಯದೆ ಒಳಗೇ ಬಿಟ್ಟೆ. ಆ ಸುರುಳಿಯನ್ನು ಕತ್ತರಿಸಿ ತೆಗೆಯದೆ ಇದು ನಿಲ್ಲುವುದಿಲ್ಲ, ಆದರೆ ತೆಗೆಯುವಾಗ ಜೀವ ಹೋದರೂ ಹೋಗಬಹುದು ಎಂದು ಇಬ್ಬರಿಗೂ ಕೇಳುವಂತೆ ಹೇಳಿದೆ.

"ಇಷ್ಟು ವಯಸ್ಸಾತಲ್ಲ ಡಾಕ್ಟ್ರೇ, ಇನ್ನು ಕೊಯ್ಸಿ ಎಂತ ಮಾಡೂದು?" ಎಂದ ಮಗ. ಅವನ ಕಣ್ಣು ತುಂಬಿತ್ತು.

ಅಜ್ಜಿ ಅವನತ್ತ ನೋಡದೆ ನನಗೆ ಹೇಳಿದರು: "ಹೊಟ್ಟೆ ನಂದು. ದಿನಾ ತಿರುಚಿಕೊಂಡು ಸಾಯೂದಕ್ಕಿಂತ ಒಂದ್ಸಲ ಕೊಯ್ಸಿಕೊಂಡೇ ನೋಡ್ತೀನಿ."

ಐದು ದಿನ ಅವರನ್ನು ಸಜ್ಜು ಮಾಡಿದೆವು. ಡ್ರಿಪ್‌ನಲ್ಲಿ ಲವಣ ಸರಿಮಾಡಿ, ಗಂಜಿ ಕುಡಿಸಿ, ಶ್ವಾಸಕೋಶಕ್ಕೆ ಬಲ ಬರಲೆಂದು ಉಸಿರೆಳೆದು ಚೆಂಡು ಏರಿಸುವ ಯಂತ್ರ ಕೊಟ್ಟೆವು. ಅಜ್ಜಿ ಹೇಳಿದ್ದಕ್ಕಿಂತ ಎರಡು ಪಟ್ಟು ಸಲ ಎಳೆದರು. ಶಿವಮೊಗ್ಗದಿಂದ ಬಂದ ಅರಿವಳಿಕೆ ವೈದ್ಯರು ಪೂರ್ತಿ ಮಂಪರು ಬೇಡವೆಂದು ಬೆನ್ನಿಗೆ ಸೂಜಿ ಕೊಟ್ಟರು. ಎಡಗಡೆ ಅಂಗೈಯಗಲದ ಗಾಯ ಮಾಡಿ, ಆ ಸಡಿಲ ಸುರುಳಿಯನ್ನು ಹೊರಗೆಳೆದು ಕತ್ತರಿಸಿದೆ. ಇಂಥ ಮೈಯಲ್ಲಿ ಉಳಿದ ಎರಡು ತುದಿ ಜೋಡಿಸಿದ ಹೊಲಿಗೆ ಸೋರಿದರೆ ಉಳಿಗಾಲವಿಲ್ಲ. ಹಾಗಾಗಿ ಮೊದಲೇ ಅವರನ್ನು ಒಪ್ಪಿಸಿದ್ದಂತೆ ಕರುಳಿನ ಬಾಯನ್ನು ಹೊಟ್ಟೆಯ ಮೇಲೇ ಇಟ್ಟು ಮಲ ಬೀಳಲು ಚೀಲ ಹಾಕಿದೆ.

ಮರುದಿನದಿಂದ ಎರಡು ದಿನ ಅವರ ಬುದ್ಧಿ ಹಿಡಿತದಲ್ಲಿರಲಿಲ್ಲ. ವಾರ್ಡನ್ನು ನಾಟಿ ಗದ್ದೆ ಎಂದುಕೊಂಡು ನರ್ಸ್‌ಗಳನ್ನು ಸಸಿ ಕಟ್ಟು ತರಲು ಕೂಗುತ್ತಿದ್ದರು. ನಾನು ತಪ್ಪು ಮಾಡಿದೆನೇ ಎಂದು ಹೆದರಿದೆ. ಮೂರನೇ ದಿನ ಚೀಲ ಗಾಳಿಯಿಂದ ಉಬ್ಬಿತು. ಕರುಳು ಕೆಲಸ ಶುರುಮಾಡಿತ್ತು. ಅಂದು ಮಧ್ಯಾಹ್ನ ಅಜ್ಜಿ ನನ್ನ ಗುರುತು ಹಿಡಿದರು.

ಚೀಲ ಬದಲಿಸಲು ಮಗನೇ ಕಲಿತ. ಮೊದಲು ಮುಖ ತಿರುಗಿಸಿಕೊಂಡು, ವಾರ ಕಳೆಯುವುದರೊಳಗೆ ನಮ್ಮ ನರ್ಸ್‌ಗಿಂತ ಅಚ್ಚುಕಟ್ಟಾಗಿ.

ಅಜ್ಜಿ ಎರಡು ವರ್ಷ ಬದುಕಿದರು. ಕೊನೆಗೆ ಹೋದದ್ದು ಕಫ ಕಟ್ಟಿ, ಮನೆಯಲ್ಲೇ. ಕಾರ್ಯ ಮುಗಿಸಿ ಮಗ ನನಗೆ ಹೇಳಲೆಂದೇ ಬಸ್ಸಿನಲ್ಲಿ ಬಂದಿದ್ದ. ಆಪರೇಷನ್ ಆದಮೇಲೆ ಒಂದು ದಿನವೂ ಅಮ್ಮನ ಹೊಟ್ಟೆ ನೋಯಲಿಲ್ಲ ಎಂದ.