ಬಿಷಪ್ಪರ ಬಿಲ್ಲೆಗೆ ಹುಣಸೆಹಣ್ಣು

ತಾಮ್ರ ಕಪ್ಪಾಗಿದ್ದನ್ನು ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ. ತಂಬಿಗೆಯಾಗಲಿ ಕೊಡವಾಗಲಿ, ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ಅದರಲ್ಲಿ ನಮ್ಮ ಮುಖ ಕಂಡ ಮೇಲೆಯೇ ಸಮಾಧಾನ. ಆ ಕಪ್ಪಿಗೂ ಒಂದು ಮರ್ಯಾದೆಯಿದೆ, ‘ಪಾಟಿನಾ’ ಎಂಬ ಮುದ್ದಾದ ಹೆಸರಿದೆ ಎಂದು ನನಗೆ ತಿಳಿದದ್ದು ಡಲ್ಲಾಸಿನ ಪಕ್ಕದ ಇರ್ವಿಂಗಿಗೆ ಬಂದು ಫ್ರೇಮಿನ ಅಂಗಡಿ ಹಾಕಿ ಎಷ್ಟೋ ವರ್ಷಗಳಾದ ಮೇಲೆ. ಅಷ್ಟರಲ್ಲಿ ನನ್ನ ಹೆಂಡತಿ ತಿಕ್ಕಿ ಮುಗಿಸಿದ್ದಳು.

ನಾನು ಏಳನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು. ಹುಬ್ಬಳ್ಳಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕಿ ಪಳಗಿದ ಕೈ ಇಲ್ಲಿ ಇಂಜಿನಿಯರುಗಳ ಡಿಗ್ರಿ ಸರ್ಟಿಫಿಕೇಟುಗಳಿಗೆ ಕಟ್ಟು ಹಾಕುತ್ತದೆ. ಓದಿದವರು ನೇತುಹಾಕಿಕೊಳ್ಳಬೇಕಾದರೆ ಓದದವನು ಮೊಳೆ ಹೊಡೆಯಬೇಕು, ಲೋಕದ ನ್ಯಾಯ. ನನ್ನ ಫ್ರೇಮಿನ ಮೂಲೆ ಕೂದಲೆಳೆಯಷ್ಟೂ ಬಾಯಿ ಬಿಡುವುದಿಲ್ಲ. ಇದನ್ನು ಜಂಭವೆಂದರೆ ಅನ್ನಿ, ನಾನೇನೂ ಬೇಡವೆನ್ನುವುದಿಲ್ಲ.

ಆ ಮೂಲೆಗಳನ್ನು ನಂಬಿಯೇ ಆಟೋ ಅಂಕಲ್ ನನ್ನ ಬಳಿ ಬಂದದ್ದು. ನಮ್ಮ ನೆರೆಮನೆಯ ಮುದುಕರು. ಆಸ್ಟಿನ್ನಿನ ಆಚೆ ಜರ್ಮನರು ಕಟ್ಟಿಕೊಂಡ ಹಳ್ಳಿಯಲ್ಲಿ ಹುಟ್ಟಿದವರು. ಹೆಸರು ಓಟೋ. ನನ್ನಾಕೆ ನೀಲಾಳ ಬಾಯಲ್ಲಿ ಅವರಿಗೆ ಮೂರು ಚಕ್ರ ಬಂದವು.

ಕರ್ಚೀಫು ಬಿಚ್ಚಿ ಒಂದು ಕರಿಯ ಬಿಲ್ಲೆ ತೋರಿಸಿದರು. ಮುನ್ನೂರು ವರ್ಷಕ್ಕೂ ಹಳೆಯ ತಾಮ್ರದ ನಾಣ್ಯ. ಮೇಲೊಬ್ಬ ಸಂತನಿದ್ದಾನೆಂದರು, ಕಪ್ಪಿನಲ್ಲಿ ನನಗೇನೂ ಕಾಣಲಿಲ್ಲ. ಜರ್ಮನರ ನಾಡಿನ ಮ್ಯೂನ್‌ಸ್ಟರ್ ಎಂಬ ಸೀಮೆಯಲ್ಲಿ ಆಗ ಬಿಷಪ್ಪರೇ ರಾಜರಂತೆ. ಅಂದರೆ ನಮ್ಮ ಮಠದ ಸ್ವಾಮಿಗಳು ಬೆಳಿಗ್ಗೆ ಪೂಜೆ ಮಾಡಿ, ಮಧ್ಯಾಹ್ನ ಸೈನ್ಯ ನೋಡಿ, ಸಂಜೆ ಟಂಕಸಾಲೆಗೆ ಹೋದ ಹಾಗೆ. ಇಂಥದ್ದು ಈಗ ಸಿಗುವುದೇ ಅಪರೂಪ.

“ಮುತ್ತಜ್ಜ ಹಡಗಿನಲ್ಲಿ ಬರುವಾಗ ಕೋಟಿನೊಳಗೆ ಹೊಲಿದುಕೊಂಡು ತಂದದ್ದು,” ಎಂದರು. “ಮನೆತನದ್ದು ಅಂತ ಉಳಿದಿರೋದು ಇದೊಂದೇ. ಹ್ಯೂಸ್ಟನ್‌ನಲ್ಲಿ ಮೊಮ್ಮಗಳ ಮದುವೆ, ಫ್ರೇಮ್ ಮಾಡಿಸಿ ಕೊಡಬೇಕು.”

ಅಂಥದ್ದನ್ನು ಅಂಗಡಿಯಲ್ಲಿ ಬಿಡಲು ಮನಸ್ಸಾಗಲಿಲ್ಲ. ಮನೆಗೆ ತಂದೆ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗ ಯಾವುದು? ದೇವರ ಗೂಡು. ಅಲ್ಲಿಟ್ಟು ನಿಶ್ಚಿಂತೆಯಾಗಿ ಮಲಗಿದೆ. ಮರುದಿನದಿಂದ ದಸರೆಯ ತಯಾರಿ ಎಂಬುದು ನೆನಪಿರಲಿಲ್ಲ.

ಸಂಜೆ ಬಂದರೆ ನೀಲಾ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡಳು. “ವೀರಭದ್ರನ್ನ ಯಾವಾಗ ತಂದ್ರಿ? ಒಂದ್ ಮಾತು ಹೇಳಬಾರ್ದೇನು? ಎಷ್ಟು ಕರ್ರಗಾಗಿದ್ದ, ಪಾಪ!”

ಒಳಗೆ ಓಡಿದೆ. ತಟ್ಟೆಯಲ್ಲಿ ಬಿಷಪ್ಪರ ಬಿಲ್ಲೆ ಹೊಸ ಪೆನ್ನಿಯಂತೆ ಥಳಥಳಿಸುತ್ತಿತ್ತು. ಅದರ ಮೇಲಿನ ಮೂರ್ತಿಗೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ, ತಲೆಯ ಹಿಂದೆ ಪ್ರಭಾವಳಿ, ಹಣೆಗೆ ಕುಂಕುಮ, ಮೇಲೊಂದು ಸೇವಂತಿಗೆ. ನಮ್ಮ ಕಡೆ ಮನೆದೇವರನ್ನು ಇಂಥ ತಾಮ್ರದ ಬಿಲ್ಲೆಯ ಮೇಲೆಯೇ ಒತ್ತಿಸಿ ಪೂಜಿಸುತ್ತಾರೆ. ಅವಳದೇನು ತಪ್ಪು?

“ಅಯ್ಯ, ಅದು ಆಟೋ ಅಂಕಲ್‌ದು! ಬಿಷಪ್ಪರ ರೊಕ್ಕ!”

“ರೊಕ್ಕ ಆಗಿದ್ರ ದೇವರ ಗೂಡಿನ್ಯಾಗ ಯಾಕ ಇಟ್ರಿ?”

ನಾನು ಸೇವಂತಿಗೆ ತೆಗೆದಿಟ್ಟು, ಬಿಲ್ಲೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡೆ.

ಡಲ್ಲಾಸಿನಲ್ಲಿ ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬನಿಗೆ ತೋರಿಸಿದೆ. ಭೂತಗನ್ನಡಿ ಇಟ್ಟು ನೋಡಿ, “ಇದನ್ನು ಕೊಂದವರು ಯಾರು?” ಎಂದ. ಪಾಟಿನಾ ಹೋದರೆ ಹಳೆಯ ನಾಣ್ಯದ ಬೆಲೆಯೂ ಹೋದಂತೆಯೇ ಅಂತೆ. ಕಪ್ಪು ಮತ್ತೆ ಬರುವುದಿಲ್ಲವೇ ಎಂದು ಕೇಳಿದೆ. “ಬರುತ್ತೆ. ಮುನ್ನೂರು ವರ್ಷ ಬಿಟ್ಟು ಬಾ.”

ಮನೆಗೆ ಬಂದು ಹೇಳಿದರೆ ನೀಲಾ, “ದೇವರ ಮಾರಿ ತೊಳದ್ರ ಕೊಲಿ ಹೆಂಗ ಆಗ್ತದ್ರಿ?” ಎಂದಳು. ದನಿ ಮಾತ್ರ ಅಳುವಿನ ಅಂಚಿನಲ್ಲಿತ್ತು.

ಕಂದು ಬಣ್ಣದ ಗಾಜು ಹಾಕಿದರೆ ಹೊಳಪು ಕಾಣುವುದಿಲ್ಲ. ಆ ಕಸುಬು ನನಗೆ ಗೊತ್ತು. ಆದರೆ ಬಾಯಿ ಬಿಡದ ಮೂಲೆಗಳ ನಡುವೆ ಸುಳ್ಳು ಕೂಡಿಸಲು ಮನಸ್ಸು ಒಪ್ಪಲಿಲ್ಲ. ಇಬ್ಬರೂ ನೆರೆಮನೆಗೆ ಹೋಗಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿ ನಿಂತೆವು.

ಅಂಕಲ್ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿದರು. “ಮುತ್ತಜ್ಜನ ಬೆರಳಿನ ಕಪ್ಪೂ ಹೋಯ್ತು,” ಎಂದರು ಮೆಲ್ಲಗೆ. ಆಮೇಲೆ ಕನ್ನಡಕ ಹಾಕಿಕೊಂಡು ಬಗ್ಗಿದರು. “ಅರೆ, ಇವನ ಕೈಯಲ್ಲಿ ಪುಸ್ತಕ ಇದೆ! ನಮ್ಮ ಸಂತನ ಕೈಯಲ್ಲಿ ಪುಸ್ತಕ ಇದೆ ಅಂತ ಅಜ್ಜ ಹೇಳ್ತಿದ್ದ. ನನಗೆ ಒಂದು ದಿನವೂ ಕಂಡಿರಲಿಲ್ಲ.”

ನಾನೂ ಬಗ್ಗಿ ನೋಡಿದೆ. ಪುಸ್ತಕವೇ. ಅದನ್ನು ಗುರಾಣಿ ಎಂದುಕೊಂಡದ್ದು ಶಾಲೆ ಬಿಟ್ಟವನ ಕಣ್ಣು.

“ಈ ಕೆಂಪು ಏನು?” ಎಂದರು ಅಂಕಲ್. ಪ್ರಭಾವಳಿಯ ಗೀರಿನಲ್ಲಿ ಕುಂಕುಮ ಕೂತುಬಿಟ್ಟಿತ್ತು. ನೀಲಾ ತನ್ನ ಹಣೆ ಮುಟ್ಟಿ ತೋರಿಸಿದಳು. ನಾನು ಒರೆಸಲು ಅರಿವೆ ತೆಗೆದರೆ ಅಂಕಲ್ ನನ್ನ ಕೈ ಹಿಡಿದರು.

“ಇರಲಿ ಬಿಡು. ಹಳೆಯವರ ಗುರುತು ಹೋಯ್ತು, ನಮ್ಮ ಕಾಲದ್ದೊಂದು ಇರಲಿ.”

ಶುಭ್ರವಾದ ಗಾಜು ಹಾಕಿ, ಕುಂಕುಮದ ಸಮೇತ ಕಟ್ಟು ಹಾಕಿಕೊಟ್ಟೆ.

ಈಗ ವರ್ಷ ತುಂಬುತ್ತ ಬಂತು. ಮೊನ್ನೆ ಹ್ಯೂಸ್ಟನ್ನಿನಿಂದ ಆ ಮೊಮ್ಮಗಳ ಫೋನು. ನಾಣ್ಯ ಯಾಕೋ ಮಂಕಾಗುತ್ತಿದೆ, ಏನು ಮಾಡಲಿ ಎಂದು. ನಾನು ಬಲ್ಲವನ ಗತ್ತಿನಲ್ಲಿ, “ಏನೂ ಮಾಡಬೇಡಮ್ಮ, ಅದೇ ಅದರ ಚಂದ,” ಎಂದೆ. ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು:

“ದಸರಾ ಹತ್ರ ಬಂತು, ತಗೊಂಡು ಬಾ ಅನ್ರಿ! ಹುಣಸೆಹಣ್ಣು ನೆನೀ ಇಟ್ಟೀನಿ!”