ಲಿಫ್ಟಣ್ಣನೂ ಎಡಕ್ಕೇ ತಿರುಗುವ ಬುಗುರಿಯೂ

ದಾರಿ ತಪ್ಪುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅದನ್ನೊಂದು ವಿದ್ಯೆಯ ಮಟ್ಟಕ್ಕೆ ಏರಿಸಿದವನು ಲಿಫ್ಟಣ್ಣ ಒಬ್ಬನೇ. ಅವನು ಸ್ವಂತ ಬೀದಿಯಲ್ಲಿ ನಿಂತು ಸ್ವಂತ ಮನೆಯ ವಿಳಾಸ ಕೇಳಿದ್ದನ್ನು ಕಂಡವರಿದ್ದಾರೆ. ಅದಕ್ಕೆ ಅವನ ಅಕ್ಕನೇ ಕಿಟಕಿಯಿಂದ ಕೈಬೀಸಿ ಉತ್ತರ ಕೊಟ್ಟದ್ದನ್ನು ಕಂಡವರೂ ಇದ್ದಾರೆ. ಸ್ನೇಹಿತನ ಮದುವೆಗೆಂದು ಹೊರಟವನು ಯಾರದೋ ಮದುವೆಯಲ್ಲಿ ಉಂಡು, ಯಾರೋ ವರನ ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಂಡು ಬಂದ. ಆ ಫೋಟೊದಲ್ಲಿ ಎಲ್ಲರಿಗಿಂತ ಖುಷಿಯಾಗಿರುವವನು ಅವನೇ.

ಇದಕ್ಕೆ ಅವನ ಕೆಲಸವೇ ಕಾರಣ ಅನ್ನುತ್ತಾರೆ. ಎತ್ತರದ ಕಚೇರಿ ಕಟ್ಟಡವೊಂದರ ಹಳೆಯ ಲಿಫ್ಟಿನಲ್ಲಿ, ಜಾಲರಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಹಿತ್ತಾಳೆಯ ಹಿಡಿ ಆಡಿಸುತ್ತಲೇ ತಲೆ ನರೆಸಿಕೊಂಡವನು. ಮೇಲೆ, ಕೆಳಗೆ ಎಂಬ ಎರಡು ದಿಕ್ಕುಗಳಿಗೆ ಅವನು ಚಕ್ರವರ್ತಿ. ಎಡ, ಬಲಗಳ ರಾಜ್ಯದಲ್ಲಿ ಪ್ರಜೆಯೂ ಅಲ್ಲ. ಬಲ ಯಾವುದೆಂದು ತಿಳಿಯಬೇಕಾದರೆ ಗಾಳಿಯಲ್ಲಿ ತನ್ನ ಹೆಸರು ಬರೆದು ನೋಡುತ್ತಿದ್ದ. ಬರೆದ ಕೈ ಬಲ.

ಇಂಥವನು ಒಂದು ದಿನ ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಹಲ್ಲಿನ ಡಾಕ್ಟರನ್ನು ಹುಡುಕಿ ಹೊರಟ. ಒಂದು ಬಾಗಿಲು ತಳ್ಳಿದ. ಒಳಗೆ ಉದ್ದನೆಯ ಬೆಂಚು, ಫಿನಾಯಿಲ್ ವಾಸನೆ, ಹಿಂದಿನ ಕೋಣೆಯಿಂದ ಯಾರದೋ ನರಳಾಟ. ಸರಿಯಾದ ಜಾಗವೇ ಎಂದು ಕೂತ. ಎರಡು ನಾಯಿಗಳು ಬಂದು ಅವನ ಷೂ ಮೂಸಿದಾಗಷ್ಟೇ ಅನುಮಾನ ಬಂತು. ಅದು ಬೀದಿಪಾಲಾದ ನಾಯಿಗಳನ್ನು ಸಾಕುವ ಆಶ್ರಯಧಾಮ.

"ನಾಯಿ ನೋಡೋಕೆ ಬಂದ್ರಾ ಸರ್?" ಅಲ್ಲಿನ ಹೆಂಗಸು ಕೇಳಿದಳು.

ದಾರಿ ತಪ್ಪಿದೆನೆಂದು ಲಿಫ್ಟಣ್ಣ ಜನ್ಮದಲ್ಲೇ ಒಪ್ಪಿಕೊಂಡವನಲ್ಲ. "ಮತ್ತೆ? ನಾಯಿ ನೋಡೋಕೇ," ಅಂದ.

ಆಕೆ ತಂದು ಇಳಿಸಿದ್ದು ಎರಡು ಅಂಗೈ ಜೋಡಿಸಿದರೆ ಹಿಡಿಸುವಷ್ಟು ಪುಟ್ಟ ಜಾತಿಯ ಮುದಿ ನಾಯಿ. ಬಾಯಲ್ಲಿ ಹಲ್ಲಿಲ್ಲ, ನಾಲಗೆ ಪಕ್ಕಕ್ಕೆ ಜಾರಿದೆ. ಯಾರು ಏನು ಹೇಳಿದರೂ ನಂಬೆನೆಂಬಂತೆ ತಲೆ ಒಂದು ಕಡೆಗೆ ವಾಲಿದೆ.

"ಕಿವಿಯೊಳಗೆ ಕಾಯಿಲೆ ಆಗಿತ್ತು ಸರ್. ಈಗ ನೋವಿಲ್ಲ. ಆದ್ರೆ ತಿರುಗಿದ್ರೆ ಎಡಕ್ಕೇ. ಬಲಕ್ಕೆ ಇದಕ್ಕೆ ಆಗಲ್ಲ. ಮಾತ್ರೆ ಪುಡಿ ಮಾಡಿ ಕೊಡ್ಬೇಕು, ಊಟ ಮೆತ್ತಗಿರ್ಬೇಕು. ಯಾರೂ ತಗೊಳ್ತಿಲ್ಲ."

ನಾಯಿ ಎಡಕ್ಕೊಂದು ಸುತ್ತು ಹಾಕಿತು, ಓಲಾಡಿತು, ಬೀಳದಿರಲು ಲಿಫ್ಟಣ್ಣನ ಕಾಲಿಗೆ ಒರಗಿ ನಿಂತಿತು. ದಾರಿಯ ವಿಷಯದಲ್ಲಿ ಅವನನ್ನು ಅಲ್ಲಿಯವರೆಗೆ ಯಾವ ಜೀವವೂ ನೆಚ್ಚಿರಲಿಲ್ಲ. ಅವನು ಕಾಲು ಕದಲಿಸಲಿಲ್ಲ.

ಮನೆಯಲ್ಲಿ ಅಕ್ಕ ಪರದೆ ಹೊಲಿಯುವ ಮಿಷನ್ ನಿಲ್ಲಿಸಿ ನೋಡಿದಳು. ಅಳತೆಯ ಟೇಪು ಕೊರಳಿಂದ ಜಾರಿತು.

"ಹಲ್ಲು ಕೀಳಿಸ್ಕೊಂಡು ಬಾರೋ ಅಂದ್ರೆ ಹಲ್ಲೇ ಇಲ್ಲದ್ದನ್ನ ತಂದಿದ್ದೀಯಲ್ಲೋ!"

"ಪಾಪ ಅಕ್ಕ. ಬರೀ ಎಡಕ್ಕೆ ತಿರುಗುತ್ತೆ, ಅಷ್ಟೇ."

"ಈ ಮನೇಲಿ ದಾರಿ ತಪ್ಪೋರು ಒಬ್ಬರೇ ಸಾಕು. ನಿನ್ನ ಹುಡುಕ್ಕೊಂಡು ಬಂದು ನನ್ನ ಮಂಡಿ ಸವೆದಿದೆ. ಇಬ್ಬರೂ ಒಂದೇ ಒಂದು ಸಲ ಕಳೆದುಹೋದ್ರೂ ಮಾರನೇ ದಿನಾನೇ ಇದು ವಾಪಸ್ಸು. ತಿಳೀತಾ?"

ತಿಳಿಯಿತು. ಅಷ್ಟು ಹೇಳಿದ ಅಕ್ಕನೇ ಮಾರನೆಯ ದಿನ ಪರದೆಯ ಚೂರುಗಳಲ್ಲಿ ಹತ್ತಿ ತುಂಬಿ ಮೇಜಿನ ಕಾಲುಗಳಿಗೆ ಸುತ್ತಿದಳು. ನಾಯಿಯ ತಲೆಗೆ ಪೆಟ್ಟಾಗದಿರಲೆಂದಲ್ಲ, ಮೇಜು ಚೆಂದ ಕಾಣಲಿ ಎಂದಂತೆ. ನಾಯಿಗೆ ಬುಗುರಿ ಎಂದು ಹೆಸರಿಟ್ಟವಳೂ ಅವಳೇ.

ಮೊದಲ ಸಂಚಾರಕ್ಕೆ ಲಿಫ್ಟಣ್ಣ ಯುದ್ಧಕ್ಕೆ ಹೊರಟವನಂತೆ ಹೊರಟ. ಬುಗುರಿ ಗೇಟು ದಾಟಿ ಎಡಕ್ಕೆ ತಿರುಗಿತು. ಮೂಲೆಯಲ್ಲಿ ಮತ್ತೆ ಎಡಕ್ಕೆ. ಪ್ರತಿ ಮೂಲೆಯಲ್ಲೂ ಎಡಕ್ಕೆ. ಇನ್ನು ಮುಗಿಯಿತು ನಮ್ಮ ಕಥೆ ಎಂದು ಅವನು ಬೆವರುತ್ತಿರುವಾಗ ಎದುರಿಗೆ ಪರಿಚಿತವಾದ ಗೇಟು ಬಂತು. ಗೇಟಿನಲ್ಲಿ ಅಕ್ಕ! ಅವನಿಗೆ ತಲೆಬುಡ ತಿಳಿಯಲಿಲ್ಲ. ಮಾರನೆಯ ದಿನವೂ ಹೀಗೇ. ಎಡಕ್ಕೆ ತಿರುಗುತ್ತಲೇ ಹೋದರೆ ಮನೆ ತಾನಾಗಿ ಎದುರು ಬರುವ ಈ ಚಮತ್ಕಾರದ ಗುಟ್ಟೇನೆಂದು ಅವನು ಹಿಡಿ ಆಡಿಸುತ್ತಾ ಯೋಚಿಸಿದ. ಯೋಚಿಸಿದಷ್ಟೂ ಗೊಂದಲ. ನಾಯಿಗೆ ದಾರಿ ಗೊತ್ತೋ, ತನಗೇ ಗೊತ್ತಾಗತೊಡಗಿದೆಯೋ, ಇಲ್ಲಾ ಮನೆಯೇ ತಿರುಗುತ್ತಿದೆಯೋ?

ಲಿಫ್ಟಿನಲ್ಲಿ ಸುದ್ದಿ ಮಹಡಿಯಿಂದ ಮಹಡಿಗೆ ಏರಿತು. ಮೇಲೆ ಹೋಗುವಷ್ಟರಲ್ಲಿ ಬುಗುರಿ ಪೊಲೀಸರ ನಾಯಿಯಾಗಿತ್ತು; ಇಳಿಯುವಾಗ ನಿವೃತ್ತ ಸೇನಾಧಿಕಾರಿಯದ್ದು.

ಆಮೇಲೊಂದು ಸಂಜೆ ಕೊಳವೆ ಹಾಕಲೆಂದು ಮೂಲೆಯ ರಸ್ತೆ ಅಗೆದಿದ್ದರು. "ಈ ಕಡೆ ದಾರಿ ಇಲ್ಲ ಯಜಮಾನ್ರೇ, ಬಲಕ್ಕೆ ಹೋಗಿ," ಎಂದ ಗುದ್ದಲಿಯವನು.

ಬಲಕ್ಕೆ! ಲಿಫ್ಟಣ್ಣ ಗಾಳಿಯಲ್ಲಿ ಹೆಸರು ಬರೆಯಹೋದ. ಬರೆಯುವ ಕೈಯಲ್ಲಿ ನಾಯಿಯ ಹಗ್ಗ. ಕೈ ಬದಲಿಸಿದ. ಅಷ್ಟರಲ್ಲಿ ಬುಗುರಿ ಸುತ್ತತೊಡಗಿತ್ತು. ಹಗ್ಗ ಕಾಲಿಗೆ ತೊಡರದಿರಲೆಂದು ಅವನೂ ಸುತ್ತಿದ. ತಲೆ ಗಿರ್ರೆಂದು ತಿರುಗಿ ನಿಂತಾಗ ಎದುರಿಗೆ ಯಾವುದೋ ಬೀದಿ. ನಡೆದರು. ಎಡ, ಎಡ, ಎಡ. ಗೇಟು ಮಾತ್ರ ಬರಲಿಲ್ಲ; ಒಂದು ಕ್ಷೌರದಂಗಡಿ ಬಂತು. ಮತ್ತೆ ನಡೆದರು. ಅದೇ ಕ್ಷೌರದಂಗಡಿ.

"ಏನ್ ಲಿಫ್ಟಣ್ಣ," ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದ, "ಆಗಿಂದ ನನ್ನ ಅಂಗಡಿಗೆ ಕಾವಲಾ? ನಾಯಿಗೆ ಕೂದಲು ತೆಗೀಬೇಕಾ, ನಿಮಗಾ?"

"ವಾಯುವಿಹಾರ," ಎಂದ ಲಿಫ್ಟಣ್ಣ. ಕಳೆದುಹೋದರೆ ವಾಪಸ್ಸು ಎಂಬ ಮಾತು ಹೆಜ್ಜೆಹೆಜ್ಜೆಗೂ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಬುಗುರಿ ಸುಸ್ತಾಗಿ ಅವನ ಷೂ ಮೇಲೆ ಕೂತಿತು. ಅವನು ಅದನ್ನು ಎತ್ತಿ ಅಂಗಿಯೊಳಗೆ ಇಟ್ಟುಕೊಂಡು ನೋಡುತ್ತಾನೆ, ಬೀದಿಯ ತುದಿಯಲ್ಲಿ ಮಂಡಿ ಹಿಡಿದುಕೊಂಡು ಅಕ್ಕ ಬರುತ್ತಿದ್ದಾಳೆ.

"ಕಳೆದುಹೋದ್ರಿ ತಾನೆ?"

ಲಿಫ್ಟಣ್ಣ ಬಾಯಿ ತೆರೆದ. ಅಂಗಿಯೊಳಗಿಂದ ಬುಗುರಿ ವಾಲಿದ ತಲೆ ಹೊರಹಾಕಿ ಅಕ್ಕನನ್ನು ನೋಡಿ ಒಳಗೇ ಬಾಲ ಆಡಿಸಿತು. ಅಂಗಿಯ ಗುಂಡಿಯೊಂದು ಕಿತ್ತು ಹಾರಿತು.

"ಎಲ್ಲಿ ಕಳೆದುಹೋಗ್ತಾರೆ ಅಕ್ಕ," ಎಂದ ಕ್ಷೌರಿಕ. "ಎಷ್ಟು ಸಲ ಹೋದ್ರೂ ಇಲ್ಲಿಗೇ ಬರ್ತಾರೆ. ಕಳೆದುಹೋದೋರು ಹಾಗೆ ಬರ್ತಾರಾ?"

ಅಕ್ಕ ಈ ವಾದವನ್ನು ಯೋಚಿಸಿದಳು. ಅದರಲ್ಲಿ ಎಲ್ಲೋ ಮೋಸವಿತ್ತು, ಎಲ್ಲೆಂದು ಅವಳಿಗೆ ಹೊಳೆಯಲಿಲ್ಲ. ಬಗ್ಗಿ ಗುಂಡಿ ಹುಡುಕಿ ಸೆರಗಿಗೆ ಗಂಟು ಹಾಕಿಕೊಂಡಳು. "ಇಳಿಸು ಅದನ್ನ. ಎತ್ತಿಕೊಂಡ್ರೆ ನಡೆಯೋದು ಮರೆಯುತ್ತೆ. ಹಗ್ಗ ನನಗೆ ಕೊಡು."

ಮೂಲೆಯಲ್ಲಿ ಬಲಕ್ಕೆ ಹೋಗಬೇಕಿತ್ತು. ಬುಗುರಿ ಎಡಕ್ಕೆ ಸುತ್ತಿತು. ಅಕ್ಕ ಒಂದು ಕ್ಷಣ ಸುತ್ತಮುತ್ತ ನೋಡಿದಳು, ಮಂಡಿ ಹಿಡಿದುಕೊಂಡಳು, ಅದರ ಹಿಂದೆ ತಾನೂ ಮುಕ್ಕಾಲು ಸುತ್ತು ಸುತ್ತಿದಳು. ಅವಳ ಹಿಂದೆ ಲಿಫ್ಟಣ್ಣ. ಕ್ಷೌರದ ಕುರ್ಚಿಯಲ್ಲಿ ಅರ್ಧ ಗಡ್ಡ ಹೋಗಿದ್ದವನು ಎದ್ದು ಬಂದು ನೋಡಿದ. ಮೂವರೂ ಸರಿಯಾಗಿ ಮನೆಯ ಬೀದಿಗೆ ಮುಖ ಮಾಡಿ ನಿಂತಿದ್ದರು.

ವಾಪಸ್ಸಿನ ಮಾತು ಮತ್ತೆ ಬರಲಿಲ್ಲ. ಆದರೆ ಕಟ್ಟಡದಲ್ಲಿ ಕಥೆ ಬೆಳೆಯುತ್ತಲೇ ಹೋಯಿತು. ಕೊನೆಗೆ ಮೇಲಿನ ಮಹಡಿಯ ಮ್ಯಾನೇಜರು, ಲಿಫ್ಟು ತುಂಬಿದ್ದಾಗಲೇ, ಎಲ್ಲರ ಪರವಾಗಿ ಕೇಳಿಬಿಟ್ಟರು: "ನಿಜ ಹೇಳಪ್ಪ. ಇಬ್ಬರಲ್ಲಿ ದಾರಿ ಗೊತ್ತಿರೋದು ಯಾರಿಗೆ? ನಿನಗಾ, ಆ ನಾಯಿಗಾ?"

ಲಿಫ್ಟಣ್ಣ ಜಾಲರಿ ಎಳೆದ.

"ಅಕ್ಕನಿಗೆ ಸರ್. ನಿಮಗೆ ಮೇಲಾ, ಕೆಳಗಾ?"