ರಾಸ್ ಅಲ್ ಹದ್‌ನಲ್ಲಿ ಸಡಿಲಿಸಿದ ತಂತಿ

ಆ ಸಂಜೆ ಟಿವಿಯ ಹಿಂದಿನ ತಂತಿಯನ್ನು ಸಡಿಲಿಸಿದವನು ನಾನು. ಆಂಟೆನಾ ಕೆಟ್ಟಿರಲಿಲ್ಲ. ಉಪ್ಪುಗಾಳಿ ಕಾರಣವಲ್ಲ. ಗೆಳೆಯ ಡೆನಿಸನ ಹಳೆಯ ಕ್ಯಾರವಾನಿನದು ಯಾವ ತಪ್ಪೂ ಇರಲಿಲ್ಲ. ನನ್ನ ಹೆಂಡತಿ ಶೈಲಜಾ ಬದುಕಿನಲ್ಲಿ ಒಂದೇ ಒಂದು ಸಲ ಟಿವಿಯಲ್ಲಿ ಬಂದಳು — ಅದನ್ನು ಅವಳು ನೋಡದಂತೆ ಮಾಡಿದವನು ನಾನು. ಇಪ್ಪತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಆಗ ನಾವಿಬ್ಬರೂ ಮಸ್ಕತ್ತಿನ ಅಲ್ ಗುಬ್ರಾದ ಫ್ಲ್ಯಾಟಿನಲ್ಲಿದ್ದೆವು; ಮಗಳು ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ನಾನು ಒಂದು ಕಂಪನಿಯ ಆಡಳಿತ ವಿಭಾಗದಲ್ಲಿದ್ದೆ. ಹಾಸ್ಟೆಲಿನ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವನು. ಮನೆಯಲ್ಲೂ ಚಹಾಕ್ಕೆ, ಊಟಕ್ಕೆ, ಮಾತಿಗೆ ಕೂಡ ಹೊತ್ತು ಗೊತ್ತುಮಾಡಿದ್ದೆ. ನಾನು ಆಫೀಸಿಗೆ ಹೋದ ಮೇಲೆ ಶೈಲಜಾ ಸ್ಥಳೀಯ ಚಾನೆಲ್ ಹಾಕಿಕೊಂಡು ಅರಬ್ಬಿ ಧಾರಾವಾಹಿ ನೋಡುತ್ತಿದ್ದಳು, ಕೆಳಗಿನ ಮನೆಯ ಒಮಾನಿ ಹೆಂಗಸಿನ ಜೊತೆ ಮಾತಾಡುತ್ತಿದ್ದಳು. ಹಾಗೆಯೇ ಭಾಷೆ ಕಲಿತುಬಿಟ್ಟಳು. ನನಗೋ — ಅಷ್ಟು ವರ್ಷ ಅಲ್ಲಿ ದುಡಿದೂ ‘ಖಲಾಸ್’, ‘ಯಲ್ಲಾ’ಗಳಾಚೆ ಹೆಚ್ಚೇನೂ ಬರುತ್ತಿರಲಿಲ್ಲ.

ಬಾಲ್ಕನಿಯಲ್ಲಿ ಅವಳು ಊರಿನ ಮಲ್ಲಿಗೆ ಬೆಳೆಸಿದ್ದಳು. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅದನ್ನೇ ಗಿಡಗಳಿಗೆ ಹಾಕುತ್ತಿದ್ದಳು. ಕೆಳಗಿನ ಮನೆಯವಳು ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಒಂದು ದಿನ ಸ್ಥಳೀಯ ಚಾನೆಲಿನವರು ಕ್ಯಾಮೆರಾ ಹೊತ್ತು ಬಂದರು. ಹೊರನಾಡಿನವರ ಬಾಲ್ಕನಿ ತೋಟಗಳ ಬಗ್ಗೆ ಅವರದೊಂದು ಕಾರ್ಯಕ್ರಮ.

ಶೈಲಜಾ ನೀರು ಕುಡಿದಷ್ಟು ಸಲೀಸಾಗಿ ಅರಬ್ಬಿ ಮಾತಾಡಿದಳು. ನಾನು ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕ್ಯಾಮೆರಾ ನನ್ನ ಕಡೆ ತಿರುಗಿತು. ಸಂದರ್ಶನದ ಹುಡುಗಿ ಏನೋ ಕೇಳಿದಳು. ನನಗೆ ಅರ್ಥವಾಗಲಿಲ್ಲ. ನನ್ನ ಪರವಾಗಿ ಶೈಲಜಾ ಉತ್ತರಿಸಿದಳು — ಎಲ್ಲರೂ ನಕ್ಕರು. ಕ್ಯಾಮೆರಾದವನಂತೂ ಭುಜ ಕುಲುಕಿಸಿ ನಕ್ಕ.

ಅವರು ಹೋದ ಮೇಲೆ ಕೇಳಿದೆ, “ಎಂತ ಹೇಳಿದ್ದು ನೀನು?”

“ಟಿವಿಯಲ್ಲಿ ಬರುವಾಗ ಹೇಳ್ತೇನೆ ಮಾರಾಯ್ರೆ. ಈಗಲೇ ಹೇಳಿದ್ರೆ ಮಜಾ ಉಂಟಾ?”

ಅವಳಿಗೆ ಅದು ಮಜಾ. ನನಗೆ — ಆಫೀಸಿನ ಒಮಾನಿ ಸಹೋದ್ಯೋಗಿಗಳೆಲ್ಲ ನೋಡುವ ಚಾನೆಲ್ ಅದು. ಅವರು ನಗುವುದನ್ನು ತಡೆಯಲು ನನ್ನಿಂದ ಆಗುತ್ತಿರಲಿಲ್ಲ. ಆದರೆ ಅವಳ ಪಕ್ಕದಲ್ಲಿ ಕೂತು, ನನ್ನನ್ನು ಏನೆಂದಳೆಂದು ಅವಳ ಬಾಯಿಂದಲೇ ಕೇಳಿಸಿಕೊಳ್ಳುವುದು… ಅಸೂಯೆಯೇ ಅದು? ಅದಕ್ಕಿಂತಲೂ ಸಣ್ಣದು. ಅದಕ್ಕೆ ಒಳ್ಳೆಯ ಹೆಸರು ನನಗೆ ಇಂದಿಗೂ ಸಿಕ್ಕಿಲ್ಲ.

ಕಾರ್ಯಕ್ರಮ ಬಿತ್ತರವಾಗುವುದು ಈದ್ ರಜೆಯ ಒಂದು ಸಂಜೆ ಎಂದು ತಿಳಿಯಿತು. ಆ ರಜೆಗೆ ನಾವು ಡೆನಿಸನ ಕ್ಯಾರವಾನಿನಲ್ಲಿ — ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ ಅದು — ಹೊರಡುವುದೆಂದು ಮೊದಲೇ ನಿಶ್ಚಯವಾಗಿತ್ತು. ಡೆನಿಸ್ ನಮ್ಮೂರ ಕಡೆಯ ಶಿರ್ವದವನು, ಮಸ್ಕತ್ತಿನ ಹೊರಭಾಗದ ಮಬೇಲಾದಲ್ಲಿ ಒಂದು ವರ್ಕ್‌ಶಾಪಿನ ಮೇಲ್ವಿಚಾರಕ. ದೇಶ ಬಿಟ್ಟುಹೋದ ಯಾರೋ ಪರದೇಶಿಯಿಂದ ಆ ಹಳೆಯ ಬಂಡಿಯನ್ನು ಕೊಂಡು, ತಾನೇ ರಿಪೇರಿ ಮಾಡಿ, ಒಳಗೊಂದು ಪುಟ್ಟ ಟಿವಿ ಕೂರಿಸಿದ್ದ. “ಟಿವಿ ಉಂಟಲ್ಲ ಶೈಲಕ್ಕ, ಎಲ್ಲಿದ್ರೂ ನಿಮ್ಮ ಪ್ರೋಗ್ರಾಂ ನೋಡುವ!” ಎಂದಿದ್ದ.

ಅಂಥ ಬಂಡಿಯಲ್ಲಿ ಊರು ಬದಲಾದಂತೆ ಚಾನೆಲ್ ಮತ್ತೆ ಹುಡುಕಬೇಕು. ನಿಂತ ಕಡೆಯಲ್ಲೆಲ್ಲ ಚಕ್ರಕ್ಕೆ ಕಲ್ಲು ಕೊಡುವುದು, ಗ್ಯಾಸ್ ನೋಡುವುದು, ಆಂಟೆನಾ ಏರಿಸಿ ಟವರಿನ ಕಡೆ ತಿರುಗಿಸುವುದು, ಟಿವಿಯಲ್ಲಿ ಸರ್ಚ್ ಕೊಡುವುದು — ಇದೆಲ್ಲ ನನ್ನ ಪಾಲಿನ ಕೆಲಸ. ನಾನು ಮಾಡಿದ್ದನ್ನು ಯಾರೂ ಮತ್ತೊಮ್ಮೆ ಪರೀಕ್ಷಿಸುತ್ತಿರಲಿಲ್ಲ. ಅಷ್ಟು ನಂಬಿಕೆ ನನ್ನ ಶಿಸ್ತಿನ ಮೇಲೆ.

ರಾಸ್ ಅಲ್ ಹದ್‌ನ ಕಡಲ ತೀರದಲ್ಲಿ ನಿಂತೆವು. ಅವರಿಬ್ಬರೂ ಹೊರಗೆ ಚಾಪೆ ಹಾಸುತ್ತಿದ್ದರು. ನಾನು ಸರ್ಚ್ ಕೊಟ್ಟೆ. ಚಿತ್ರ ಬಂತು — ವಾರ್ತೆ ಓದುವವನ ಗಡ್ಡದ ಕೂದಲೂ ಕಾಣುವಷ್ಟು ಸ್ಪಷ್ಟವಾಗಿ. ಕೈ ತಾನಾಗಿ ಹೋಯಿತು ಎಂದು ಬರೆಯಲು ಹೊರಟಿದ್ದೆ. ಇಲ್ಲ. ನಾನೇ ಕೈ ಹಾಕಿದೆ. ತಂತಿಯನ್ನು ತುಸು ಹಿಂದಕ್ಕೆ ಎಳೆದೆ. ಪರದೆಯ ತುಂಬ ಬಿಳಿ ಚುಕ್ಕಿಗಳ ಮಳೆ.

ಮುಸ್ಸಂಜೆಯ ನಮಾಜಿನ ಬಾಂಗ್ ಮುಗಿದ ಮೇಲೆ ಶೈಲಜಾ ಮುಖ ತೊಳೆದು, ತಲೆ ಬಾಚಿ ಬಂದು ಕೂತಳು. ತನ್ನನ್ನು ತಾನು ನೋಡಲು ತಲೆ ಬಾಚಿಕೊಂಡಳು — ಅದನ್ನು ನೆನೆದರೆ ಈಗಲೂ…

“ಸಿಗ್ನಲ್ ಇಲ್ಲ,” ಎಂದೆ.

ಡೆನಿಸ್ ಏಣಿ ಹಾಕಿ ಮಾಡು ಹತ್ತಿದ. ಎಳೆಯ ದಿನಗಳಲ್ಲಿ ಊರಿನ ಮನೆಮನೆಯಲ್ಲೂ ಕೇಳುತ್ತಿದ್ದ ಆ ಮಾತು ಮೇಲಿನಿಂದ ಕೇಳಿತು. “ಶೆಟ್ರೇ, ಬಂತಾ?”

“ಇಲ್ಲ.”

“ಈಗ? ಸೂರ್ ಪೇಟೆಯ ಕಡೆ ತಿರುಗಿಸಿದ್ದೇನೆ. ಬಂತಾ?”

“ಇಲ್ಲ ಡೆನಿಸ್.”

“ಥೂ ಇದರ! ಈಗ ನೋಡಿ, ಬಂತಾ?”

ಶೈಲಜಾ ಒಮ್ಮೆ ಪರದೆಯನ್ನು, ಒಮ್ಮೆ ನನ್ನ ಮುಖವನ್ನು ನೋಡುತ್ತಿದ್ದಳು. ಕೊನೆಗೆ ಅವಳೇ ಹೊರಗೆ ಹೋಗಿ, “ಇಳೀರಿ ಡೆನಿಸಣ್ಣ, ಬೀಳ್ತೀರಿ ಇನ್ನು. ಹೊತ್ತು ಕಳೀತು,” ಎಂದಳು. ಬೆವರಿಳಿಯುತ್ತಿದ್ದ ಡೆನಿಸ್ ಅವಳ ಕ್ಷಮೆ ಕೇಳಿದ. ನಾನು ಅಲ್ಲೇ ನಿಂತು ಅದನ್ನೂ ಕೇಳಿಸಿಕೊಂಡೆ. ಮಸ್ಕತ್ತಿಗೆ ಮರಳಿದ ವಾರವೇ ಅವನು ಆ ಆಂಟೆನಾವನ್ನು ಕಿತ್ತು ಬಿಸಾಡಿದ. ಕಾರ್ಯಕ್ರಮ ಮತ್ತೆ ಬರಲಿಲ್ಲ. ತಾನು ಹೇಳಿದ್ದೇನೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾರ್ಯಕ್ರಮ ನೋಡಿದ್ದ ಕೆಳಗಿನ ಮನೆಯವಳು ಮಾತ್ರ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ನೋಡಿ ಪ್ರೀತಿಯಿಂದ ನಗುತ್ತಿದ್ದಳು. ಪ್ರೀತಿಯಿಂದ — ಅದು ನನಗೆ ಆಗ ಕಾಣಲಿಲ್ಲ.

ಈಗ ಮಗಳು ಅಕ್ಷತಾ ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್‌ನಲ್ಲಿದ್ದಾಳೆ. ನಾವು ಅವಳ ಜೊತೆಗಿದ್ದೇವೆ. ಕಳೆದ ವಾರ ಅವಳು ಬಾಡಿಗೆಗೆ ಹೊಸ ಕ್ಯಾರವಾನ್ ತಂದು ನಮ್ಮನ್ನು ಅದೇ ತೀರಕ್ಕೆ ಕರೆದೊಯ್ದಳು. ಅಲ್ಲಿ ನೆಟ್ ಸಿಗಲಿಲ್ಲ. “ಅಪ್ಪಾ, ಲೋಕಲ್ ಚಾನೆಲ್ ಆದ್ರೂ ಸರ್ಚ್ ಮಾಡಿ ನೋಡಿ,” ಎಂದಳು. ಗುಂಡಿ ಒತ್ತಿದೆ. ಚಿತ್ರ ಬಂತು.

ಶೈಲಜಾ ಚಕಿತಳಾದಳು. “ಇಲ್ಲಿ ಬರ್ತದಾ! ಅವತ್ತು ಎಷ್ಟು ಒದ್ದಾಡಿದೆವು… ಈಗ ಹೊಸ ಟವರ್ ಹಾಕಿರ್ಬೇಕು, ಅಲ್ವಾ?”

“ಹೌದು, ಹಾಕಿರ್ಬೇಕು,” ಎಂದೆ.

ಇಪ್ಪತ್ತು ವರ್ಷಗಳ ನಂತರ, ಅದೇ ಮರಳಿನ ಮೇಲೆ, ಇನ್ನೊಂದು ಸುಳ್ಳು. ಮೊದಲನೆಯದು ಎಂದೋ ನಡೆದುಹೋದದ್ದು ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಇದನ್ನು ಹಾಗೆನ್ನುವಂತಿರಲಿಲ್ಲ. ಮರುದಿನ ಬೆಳಗ್ಗೆ ಮಗಳು ಕಡಲಂಚಿಗೆ ನಡೆದುಹೋದಾಗ ಶೈಲಜಾಳಿಗೆ ಎಲ್ಲ ಹೇಳಿದೆ. ತಂತಿ ಎಂದೆ. ನಾನೇ ಎಂದೆ.

ಬೈಗುಳಕ್ಕೆ, ಅಳುವಿಗೆ ನಾನು ಸಿದ್ಧನಾಗಿದ್ದೆ. ಅವಳು ಕೇಳಿದ್ದು ಬೇರೆಯೇ.

“ಡೆನಿಸಣ್ಣನಿಗೆ ಹೇಳಿದ್ದೀರಾ?”

“ಇಲ್ಲ.”

“ಪಾಪ, ಆ ಮನುಷ್ಯ ಸಿಕ್ಕಿದಾಗೆಲ್ಲ ನನ್ನತ್ರ ತನ್ನ ಆಂಟೆನಾದಿಂದಲೇ ಹಾಗಾಯ್ತು ಅಂತ ಹೇಳ್ತಿದ್ರು. ಮೊದಲು ಅವರಿಗೆ ಫೋನ್ ಮಾಡಿ. ನನ್ನದು ಆಮೇಲೆ.”

ಡೆನಿಸ್ ಈಗ ಊರಿಗೆ ಮರಳಿದ್ದಾನೆ; ಮಸ್ಕತ್ತಿಗೆ ಬಂದವನೇ ಶಿರ್ವಕ್ಕೆ ಫೋನ್ ಮಾಡಿದೆ. ಡೆನಿಸ್ ಪೂರ್ತಿ ಕೇಳಿದ. ಆಮೇಲೆ, “ಹಾಗಾದ್ರೆ ಅದು ಒಳ್ಳೇ ಆಂಟೆನಾ ಶೆಟ್ರೇ,” ಎಂದ. “ಸುಮ್ಮನೆ ಬಿಸಾಡಿದೆ ನಾನು.” ನಗಲು ನೋಡಿದ, ನಗು ಬರಲಿಲ್ಲ. “ಶೈಲಕ್ಕನಿಗೆ ಗೊತ್ತುಂಟಲ್ಲ? ಆಯ್ತು,” ಎಂದು ಫೋನ್ ಇಟ್ಟ.

ಫೋನ್ ಮಾಡಿದ್ದನ್ನು ಶೈಲಜಾಳಿಗೆ ಹೇಳಿದೆ. ತಲೆಯಾಡಿಸಿದಳು. ಚಹಾ ಕೊಟ್ಟಳು. ಅವಳ ‘ಆಮೇಲೆ’ ಇನ್ನೂ ಬಂದಿಲ್ಲ. ಅದಕ್ಕೊಂದು ಹೊತ್ತು ಗೊತ್ತುಮಾಡುವ ಹಕ್ಕು ನನಗಿಲ್ಲ.